‘ಹೊಡೆದರೆ ತಪ್ಪೇನು?’ ಎಂಬುದನ್ನು ಅಳೆಯುವುದು ಹೇಗೆ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪಿಯು ವಿದ್ಯಾರ್ಥಿಗಳಿಗೆ ಹಿಂಸೆಯ ಬಗ್ಗೆ ಎಂಥ ಮನೋಭಾವ ಇದೆ ಎಂದು ಅಳೆಯುವುದು ನನ್ನ ಪ್ರಬಂಧದ ವಿಷಯ. ಇಂಗ್ಲಿಷಿನ 39 ವಾಕ್ಯಗಳ ಒಂದು ಪ್ರಶ್ನಾವಳಿ ಸಿಕ್ಕಿತು. ಅದರಲ್ಲಿ ಯುದ್ಧ, ಅಪರಾಧಿಗಳಿಗೆ ಶಿಕ್ಷೆ, ಮಕ್ಕಳನ್ನು ಹೊಡೆಯುವುದು, ಸಂಗಾತಿಗಳ ನಡುವಿನ ಹಿಂಸೆ ಎಂದು ನಾಲ್ಕು ಭಾಗಗಳಿವೆ. ಮೊಬೈಲ್ ಆ್ಯಪ್‌ನಲ್ಲಿ ಕನ್ನಡಕ್ಕೆ ಅನುವಾದಿಸಿ 40 ಮಂದಿಗೆ ಕೊಟ್ಟೆ. ಹೆಚ್ಚಿನವರು ಎಲ್ಲದಕ್ಕೂ ‘ಒಪ್ಪುತ್ತೇನೆ’ ಎಂದು ಗುರುತು ಹಾಕಿದ್ದಾರೆ. ವಾಕ್ಯಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ತೋರಿಸುವ ಆಲ್ಫಾ 0.54 ಬಂತು (1 ಇದ್ದರೆ ಪೂರ್ತಿ ಹೊಂದಿಕೆ). 300 ಮಂದಿಗೆ ಕೊಟ್ಟರೆ ಸರಿಹೋಗುತ್ತದೆ ಎಂದು ಮಾರ್ಗದರ್ಶಕರು ಹೇಳುತ್ತಾರೆ. ಅನುಮತಿ ಕೊಟ್ಟ ಪ್ರಾಂಶುಪಾಲರೊಬ್ಬರು ಹೆಚ್ಚು ಅಂಕ ಬಂದ ಹುಡುಗರ ಹೆಸರು ಕೇಳುತ್ತಿದ್ದಾರೆ. ಮುಂದೇನು ಮಾಡಲಿ?

ಉತ್ತರ: ಪ್ರಾಂಶುಪಾಲರ ಮಾತನ್ನೇ ಮೊದಲು ತೆಗೆದುಕೊಳ್ಳೋಣ, ಅದು ಕಾಯುವಂಥದ್ದಲ್ಲ. ಹೆಸರು ಕೊಡಬೇಡಿ. ಕೊಡಲು ನಿಮ್ಮ ಬಳಿ ಹೆಸರೇ ಇರದಂತೆ ನೋಡಿಕೊಳ್ಳಿ. ಹಾಳೆಯ ಮೇಲೆ ಹೆಸರು, ರೋಲ್ ನಂಬರ್, ಮೊಬೈಲ್ ನಂಬರ್ ಯಾವುದೂ ಬೇಡ. 40 ಮಂದಿಯ ಹಾಳೆಗಳಲ್ಲಿ ಹೆಸರು ಬರೆಸಿದ್ದರೆ ಆ ಭಾಗವನ್ನು ಇವತ್ತೇ ಕತ್ತರಿಸಿ ನಾಶಮಾಡಿ. ಏಕೆ ಕೊಡಬಾರದು ಎನ್ನುವುದಕ್ಕೆ ನೀತಿಯ ಕಾರಣ ಇದೆ, ಅಷ್ಟೇ ಗಟ್ಟಿಯಾದ ಲೆಕ್ಕದ ಕಾರಣವೂ ಇದೆ. ಆ ಲೆಕ್ಕವನ್ನು ಮುಂದೆ ಕೊಡುತ್ತೇನೆ, ಅದನ್ನೇ ಪ್ರಾಂಶುಪಾಲರಿಗೆ ತೋರಿಸಬಹುದು.

ಈಗ 0.54. ಕ್ರೋನ್‌ಬ್ಯಾಕ್ 1951ರಲ್ಲಿ ವಿವರಿಸಿದ ಈ ಆಲ್ಫಾ ಎರಡು ಸಂಗತಿಗಳ ಮೇಲೆ ನಿಂತಿದೆ: ವಾಕ್ಯಗಳು ಎಷ್ಟಿವೆ, ಮತ್ತು ಅವು ಸರಾಸರಿ ಒಂದಕ್ಕೊಂದು ಎಷ್ಟು ಹೊಂದುತ್ತವೆ. ವಾಕ್ಯಗಳ ಸಂಖ್ಯೆ ಹೆಚ್ಚಿದಷ್ಟೂ ಆಲ್ಫಾ ತಾನಾಗಿಯೇ ಏರುತ್ತದೆ. ವಾಕ್ಯ-ವಾಕ್ಯಗಳ ನಡುವಿನ ಸರಾಸರಿ ಸಹಸಂಬಂಧ (0 ಎಂದರೆ ಸಂಬಂಧವಿಲ್ಲ, 1 ಎಂದರೆ ಪೂರ್ತಿ ಹೊಂದಿಕೆ) 0.20ರಷ್ಟೇ ಇದ್ದರೂ 39 ವಾಕ್ಯಗಳಿಗೆ ಆಲ್ಫಾ 0.90 ದಾಟುತ್ತದೆ. ನಿಮಗೆ 39 ವಾಕ್ಯ ಇಟ್ಟುಕೊಂಡೂ 0.54 ಬಂದಿದೆ. ಹಿಂದಕ್ಕೆ ಲೆಕ್ಕ ಹಾಕಿದರೆ ಸರಾಸರಿ ಸಹಸಂಬಂಧ 0.03 ಆಗುತ್ತದೆ. ಅಂದರೆ ಒಂದು ವಾಕ್ಯಕ್ಕೆ ಕೊಟ್ಟ ಉತ್ತರಕ್ಕೂ ಇನ್ನೊಂದಕ್ಕೆ ಕೊಟ್ಟ ಉತ್ತರಕ್ಕೂ ಸಂಬಂಧವೇ ಇಲ್ಲ. ಇದು ‘ಸ್ವಲ್ಪ ಕಡಿಮೆ ಬಂದಿದೆ’ ಎನ್ನುವ ಸ್ಥಿತಿಯಲ್ಲ. ಆ ಕನ್ನಡ ವಾಕ್ಯಗಳು ಯಾವುದನ್ನೂ ಅಳೆಯುತ್ತಿಲ್ಲ.

300 ಮಂದಿಗೆ ಕೊಟ್ಟರೆ ಆಲ್ಫಾದ ಅಂದಾಜು ಗಟ್ಟಿಯಾಗುತ್ತದೆ. ಆ ಮಟ್ಟಿಗೆ ಮಾರ್ಗದರ್ಶಕರ ಮಾತು ಸರಿ, 40 ಮಂದಿಯಿಂದ ಬಂದ ಸಂಖ್ಯೆ ಸಾಕಷ್ಟು ಅಲುಗಾಡುತ್ತದೆ. ಆದರೆ ಜನ ಹೆಚ್ಚಾದ ಮಾತ್ರಕ್ಕೆ ಆಲ್ಫಾ ಏರುವುದಿಲ್ಲ. ತೂತಿರುವ ಕೊಳಗದಲ್ಲಿ ಹೆಚ್ಚು ಭತ್ತ ಅಳೆದರೆ ತೂತು ಮುಚ್ಚುವುದಿಲ್ಲ. ಹಾಗಾಗಿ ಈ ರೂಪದಲ್ಲಿ ಮುಂದಕ್ಕೆ ಹೋಗಬೇಡಿ.

ಒಂದು ತಪ್ಪನ್ನು ಮಾತ್ರ ಈಗಲೇ ಪರೀಕ್ಷಿಸಿ. ‘ಹೊಡೆಯಬಾರದು’ ಎಂಬರ್ಥದ ವಾಕ್ಯಗಳ ಅಂಕವನ್ನು ತಿರುಗಿಸಿದ್ದೀರಾ? ಐದು ಹಂತದ ಮಾಪಕದಲ್ಲಿ 6ರಿಂದ ಅಂಕ ಕಳೆಯಬೇಕು, ನಾಲ್ಕು ಹಂತದ್ದಾದರೆ 5ರಿಂದ. ಇದನ್ನು ಮರೆತರೆ ಒಳ್ಳೆಯ ಪ್ರಶ್ನಾವಳಿಗೂ ಆಲ್ಫಾ ಕುಸಿಯುತ್ತದೆ. ತಿರುಗಿಸಿದ ಮೇಲೂ ಇಷ್ಟೇ ಬಂದರೆ ದೋಷ ಭಾಷೆಯಲ್ಲಿದೆ.

ನೀವು ಹೇಳಿದ ನಾಲ್ಕು ಭಾಗಗಳನ್ನು ನೋಡಿದರೆ ಅದು ವೆಲಿಸರ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಮಾಪಕವನ್ನು ಆಧರಿಸಿ ಆ್ಯಂಡರ್ಸನ್ ಮೊದಲಾದವರು 2006ರಲ್ಲಿ ಪರಿಷ್ಕರಿಸಿದ ರೂಪ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಅದು ಒಳ್ಳೆಯ ಸಾಧನ. ಜಗಳೂರಿನ 16 ವರ್ಷದ ಹುಡುಗಿಗೆ ಬೇರೊಂದು ದೇಶದ ಯುದ್ಧನೀತಿ, ಸೆರೆಮನೆ ನೀತಿಗಳ ಬಗ್ಗೆ ಯಾವ ನಿಲುವೂ ಇರುವ ಅಗತ್ಯವಿಲ್ಲ. ನಿಲುವೇ ಇಲ್ಲದ ವಿಷಯ ಕೇಳಿದಾಗ ಜನ ಸುಲಭದ ಉತ್ತರ ಕೊಡುತ್ತಾರೆ. ಅದೂ ಮೇಷ್ಟ್ರು ಮುಂದೆ ನಿಂತಿರುವ ತರಗತಿಯಲ್ಲಿ ಸುಲಭದ ಉತ್ತರ ಎಂದರೆ ‘ಹೂಂ’. ಎಲ್ಲದಕ್ಕೂ ‘ಒಪ್ಪುತ್ತೇನೆ’ ಬಂದಿದ್ದು ಹೀಗೆ. ಅದು ಮರ್ಯಾದೆಯ ಹೂಂ, ಮನೋಭಾವದ ಹೂಂ ಅಲ್ಲ.

ಕನ್ನಡದಲ್ಲಿ ಇಂಥ ವಾಕ್ಯ ಬರೆಯುವಾಗ ಎಡವುವ ಜಾಗಗಳನ್ನು ಒಂದೊಂದಾಗಿ ಹೇಳುತ್ತೇನೆ, ನಿಮ್ಮ ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ.

‘ಹಿಂಸೆ’ ಎಂಬ ಪದವನ್ನೇ ಪ್ರಶ್ನಾವಳಿಯಿಂದ ತೆಗೆಯಿರಿ. ಪುಸ್ತಕದಲ್ಲಿ ಅದು ಹೊಡೆತ, ಬಡಿತ, ಕೊಲೆ. ಮಾತಿನಲ್ಲಿ ಅದು ಇರುಸುಮುರುಸು. ‘ಅವರ ಮನೆಗೆ ಹೋಗೋಕೆ ಹಿಂಸೆ ಆಗುತ್ತೆ’, ‘ಬಸ್ಸಲ್ಲಿ ನಿಂತ್ಕೊಂಡು ಬರೋದು ಹಿಂಸೆ’, ‘ಸುಮ್ನಿರು, ಹಿಂಸೆ ಕೊಡ್ಬೇಡ’ ಎಂದು ದಿನವೂ ಹೇಳುತ್ತೇವೆ. ‘ಕೆಲವೊಮ್ಮೆ ಹಿಂಸೆ ಅನಿವಾರ್ಯ’ ಎಂಬ ವಾಕ್ಯಕ್ಕೆ ಒಪ್ಪಿದವನು ನೆನೆದದ್ದು ಚಾಕುವನ್ನೋ, ಚಳ್ಳಕೆರೆಯಿಂದ ಬೆಳಗ್ಗೆ ಬರುವ ಬಸ್ಸನ್ನೋ ನಿಮಗೆ ಗೊತ್ತಾಗುವುದಿಲ್ಲ. ಅದರ ಬದಲು ಕ್ರಿಯೆಯನ್ನೇ ಹೇಳಿ: ಕಪಾಳಕ್ಕೆ ಹೊಡೆದ, ತಳ್ಳಿದ, ಬೆಲ್ಟಿನಿಂದ ಹೊಡೆದ, ಕಲ್ಲು ಎಸೆದ.

‘-ಬಹುದು’ ಎಂಬುದು ಇನ್ನೊಂದು ಬಲೆ. ‘ಗಂಡ ಹೆಂಡತಿಗೆ ಹೊಡೆಯಬಹುದು’ ಎಂದರೆ ಹೊಡೆಯಲು ಅವನಿಗೆ ಅನುಮತಿ ಇದೆ ಎಂದಾಯಿತು, ಹೊಡೆದರೂ ಹೊಡೆದಾನು ಎಂಬ ಊಹೆಯೂ ಆಯಿತು. ತನ್ನ ಮನೆಯಲ್ಲಿ ಹೊಡೆತ ಕಂಡ ಹುಡುಗಿ ಎರಡನೆಯ ಅರ್ಥದಲ್ಲಿ ‘ಹೌದು’ ಎಂದರೆ ನೀವು ಅವಳನ್ನು ಹೊಡೆತ ಸಮರ್ಥಿಸುವವಳು ಎಂದು ಎಣಿಸುತ್ತೀರಿ. ಇದಕ್ಕಿಂತ ದೊಡ್ಡ ಅನ್ಯಾಯ ಒಂದು ಪ್ರಶ್ನಾವಳಿಯಿಂದ ಆಗಲಾರದು.

‘ಹೊಡೆಯುವುದು ಸರಿ’ ಮತ್ತು ‘ಹೊಡೆದರೆ ತಪ್ಪಿಲ್ಲ’ ಕೂಡ ಒಂದೇ ಅಲ್ಲ. ಮೊದಲನೆಯದು ಮೆಚ್ಚುಗೆ, ಎರಡನೆಯದು ಬರೀ ವಿನಾಯಿತಿ, ಅದಕ್ಕೆ ಒಪ್ಪಿಗೆ ಸುಲಭವಾಗಿ ಸಿಗುತ್ತದೆ. ಯಾವುದಾದರೂ ಒಂದನ್ನು ಆರಿಸಿ ಕೊನೆಯತನಕ ಅದನ್ನೇ ಇಟ್ಟುಕೊಳ್ಳಿ.

ನಿಷೇಧ ವಾಕ್ಯಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ಮಕ್ಕಳಿಗೆ ಹೊಡೆಯುವುದು ಸರಿಯಲ್ಲ’ ಎಂದು ಓದಿ ಹೇಳಿದರೆ ಒಬ್ಬ ‘ಇಲ್ಲ’ ಎನ್ನುತ್ತಾನೆ. ‘ಇಲ್ಲ, ಸರಿಯಲ್ಲ’ ಎಂದು ವಾಕ್ಯವನ್ನು ಒಪ್ಪಿದನೋ, ‘ನಾನು ಒಪ್ಪಲ್ಲ’ ಎಂದನೋ? ಕಾಗದದ ಮೇಲೂ ‘ಸರಿಯಲ್ಲ’ದ ಪಕ್ಕದಲ್ಲಿ ‘ಒಪ್ಪುವುದಿಲ್ಲ’ ಇಟ್ಟರೆ ಎರಡು ನಕಾರಗಳು ಸೇರಿ ಓದುವವನು ತಬ್ಬಿಬ್ಬಾಗುತ್ತಾನೆ. ಹೂಂಗುಟ್ಟುವ ಅಭ್ಯಾಸವನ್ನು ಹಿಡಿಯಲು ತಿರುಗು ವಾಕ್ಯಗಳನ್ನು ಹಾಕಿ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಕನ್ನಡದಲ್ಲಿ ಆ ಸಲಹೆ ಲಾಭಕ್ಕಿಂತ ನಷ್ಟವನ್ನೇ ಹೆಚ್ಚು ತರುತ್ತದೆ ಎಂಬುದು ನನ್ನ ಅಭಿಪ್ರಾಯ. ಒಪ್ಪುವೆ-ಒಪ್ಪೆ ಎಂಬ ಉತ್ತರ ರೂಪವನ್ನೇ ಬಿಟ್ಟರೆ ಈ ಕಷ್ಟ ಇರುವುದಿಲ್ಲ.

ಗಾದೆಗಳನ್ನು ಹಾಕಬೇಡಿ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬುದಕ್ಕೆ ತಲೆಯಾಡಿಸದವರು ಕಡಿಮೆ, ಏಕೆಂದರೆ ಗಾದೆ ಪರಿಚಿತ. ಪರಿಚಯಕ್ಕೆ ಸಿಕ್ಕ ಒಪ್ಪಿಗೆಯನ್ನು ನೀವು ಮನೋಭಾವ ಎಂದು ಬರೆದುಕೊಳ್ಳುತ್ತೀರಿ. ‘ಶಿಸ್ತಿಗಾಗಿ’, ‘ಒಳ್ಳೆಯದಕ್ಕಾಗಿ’, ‘ಮರ್ಯಾದೆ ಉಳಿಸಲು’ ಇವೂ ಹಾಗೆಯೇ: ಹೊಡೆತವನ್ನು ಒಪ್ಪದವರೂ ಶಿಸ್ತನ್ನು ಒಪ್ಪುತ್ತಾರೆ. ‘ಬುದ್ಧಿ ಕಲಿಸುವುದು’ ಎಂದರೆ ಒಬ್ಬರಿಗೆ ಪಕ್ಕದಲ್ಲಿ ಕೂರಿಸಿ ತಿಳಿಹೇಳುವುದು, ಇನ್ನೊಬ್ಬರಿಗೆ ಎರಡು ಬಿಗಿಯುವುದು. ‘ಜಗಳ’ ಬಾಯಿಮಾತಿನದ್ದೂ ಹೌದು, ಕೈಕೈ ಮಿಲಾಯಿಸಿದ್ದೂ ಹೌದು. ‘ಬೈಯುವುದು, ಹೊಡೆಯುವುದು’ ಎಂದು ಎರಡನ್ನೂ ಒಂದೇ ವಾಕ್ಯದಲ್ಲಿ ತುರುಕಿದರೆ ಉತ್ತರ ಯಾವುದಕ್ಕೆ ಎಂದು ತಿಳಿಯುವುದಿಲ್ಲ.

ಇನ್ನು ಮನೆಮಾತು. ನಿಮ್ಮ ಎರಡು ಜಿಲ್ಲೆಗಳಲ್ಲಿ ತಾಂಡಾಗಳ ಲಂಬಾಣಿ ಮಕ್ಕಳಿದ್ದಾರೆ, ದಾವಣಗೆರೆ ಊರಿನಲ್ಲಿ ಉರ್ದು ಮನೆಗಳಿವೆ, ಮೊಳಕಾಲ್ಮೂರು, ಚಳ್ಳಕೆರೆ ಕಡೆ ತೆಲುಗು ಇದೆ. ಇವರೆಲ್ಲ ಕನ್ನಡ ಚೆನ್ನಾಗಿ ಓದುತ್ತಾರೆ, ಆದರೆ ‘ಸಮರ್ಥನೀಯ’, ‘ದೈಹಿಕ ದಂಡನೆ’ಗಳಂಥ ಪದಗಳು ಕನ್ನಡ ಮನೆಮಾತಿನವರಿಗೂ ಪರೀಕ್ಷೆಯ ಪದಗಳೇ. ‘ನೀವು’ ಬೇಡ ‘ನೀನು’ ಸಾಕು ಎಂಬ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಪಿಯು ಮಕ್ಕಳಿಗೆ ‘ನೀವು’ ಎಂದರೆ ಅವರು ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಹಾಗಾದರೆ ಎಂಥ ಪ್ರಶ್ನೆ ಬೇಕು? ಹ್ಯೂಸ್‌ಮನ್ ಮತ್ತು ಗುಯೆರಾ 1997ರಲ್ಲಿ ಪ್ರಕಟಿಸಿದ 20 ಪ್ರಶ್ನೆಗಳ ಮಾಪಕದ ದಾರಿ ನಿಮಗೆ ಹೊಂದುತ್ತದೆ. ಅದು ‘ಒಪ್ಪುತ್ತೀರಾ’ ಎಂದು ಕೇಳುವುದಿಲ್ಲ. ಸಣ್ಣ ಸನ್ನಿವೇಶ ಹೇಳಿ, ಮಾಡಿದ್ದು ಸರಿಯೋ ತಪ್ಪೋ ಎಂದು ನಾಲ್ಕು ಹಂತದಲ್ಲಿ ಕೇಳುತ್ತದೆ. 12 ಪ್ರಶ್ನೆಗಳು ಕೆರಳಿಸಿದಾಗ ತಿರುಗಿಸಿ ಹೊಡೆಯುವುದರ ಬಗ್ಗೆ, 8 ಪ್ರಶ್ನೆಗಳು ಸಾಮಾನ್ಯವಾಗಿ ಹೊಡೆಯುವುದರ ಬಗ್ಗೆ. ಅದನ್ನೂ ಹಾಗೇ ಅನುವಾದಿಸುವ ಬದಲು ಆ ಚೌಕಟ್ಟನ್ನು ತೆಗೆದುಕೊಂಡು ಸನ್ನಿವೇಶಗಳನ್ನು ಇಲ್ಲಿಯವೇ ಮಾಡಿ. ಹೀಗೆ:

‘ಹಾಸ್ಟೆಲ್‌ನಲ್ಲಿ ಊಟದ ಸಾಲು. ಹಿಂದಿದ್ದವನು ಮುಂದೆ ನುಗ್ಗಿ ಒಬ್ಬ ಹುಡುಗನ ತಾಯಿಯ ಹೆಸರೆತ್ತಿ ಬೈದ. ಬೈಸಿಕೊಂಡವನು ಅವನ ಕಪಾಳಕ್ಕೆ ಹೊಡೆದ. ಹೊಡೆದದ್ದು: ಪೂರ್ತಿ ಸರಿ / ಸ್ವಲ್ಪ ಸರಿ / ಸ್ವಲ್ಪ ತಪ್ಪು / ಪೂರ್ತಿ ತಪ್ಪು.’

‘ಹೆಂಡತಿ ಗಂಡನಿಗೆ ಹೇಳದೆ ತವರಿಗೆ ಹೋಗಿ ಸಂಜೆ ಬಂದಳು. ಗಂಡ ಅವಳಿಗೆ ಎರಡು ಏಟು ಹೊಡೆದ. ಹೊಡೆದದ್ದು: …’

‘ಮನೆಪಾಠ ಮಾಡದೆ ಬಂದ ಹುಡುಗಿಯ ಅಂಗೈಗೆ ಮೇಷ್ಟ್ರು ಕೋಲಿನಿಂದ ಹೊಡೆದರು. ಹೊಡೆದದ್ದು: …’

ಪ್ರತಿ ಸನ್ನಿವೇಶದಲ್ಲಿ ನಾಲ್ಕು ಸಂಗತಿ ಸ್ಪಷ್ಟವಿರಬೇಕು: ಯಾರು ಯಾರಿಗೆ, ಯಾವ ಕಾರಣಕ್ಕೆ, ಎಲ್ಲಿ, ಎಷ್ಟು ಜೋರಾಗಿ. ‘ತಟಸ್ಥ’ ಎಂಬ ನಡುವಿನ ಹಂತ ಬೇಡ. ಆ ಪದವನ್ನು ಕೆಲವರು ‘ಗೊತ್ತಿಲ್ಲ’ ಎಂದು, ಕೆಲವರು ‘ಎರಡೂ ಸರಿ’ ಎಂದು, ಕೆಲವರು ‘ಇದು ನನ್ನ ಗೊಡವೆಯಲ್ಲ’ ಎಂದು ಓದುತ್ತಾರೆ. ಬಿಟ್ಟುಬಿಡುವ ಹಕ್ಕು ಇದೆ ಎಂದು ಮೊದಲೇ ಹೇಳಿ, ಖಾಲಿ ಬಿಡಲಿ.

ಎಷ್ಟು ಪ್ರಶ್ನೆ? ಗೆಳೆಯರ ನಡುವೆ, ಮೇಷ್ಟ್ರು ಅಥವಾ ತಂದೆತಾಯಿ ಮಕ್ಕಳಿಗೆ, ಗಂಡ ಹೆಂಡತಿಗೆ ಎಂದು ಮೂರು ಗುಂಪು ಮಾಡಿ, ಗುಂಪಿಗೆ 10ರಂತೆ 30 ಬರೆಯಿರಿ. ಕೊನೆಗೆ ಗುಂಪಿಗೆ 6ರಂತೆ 18 ಉಳಿಸಿ. 4ಕ್ಕೆ ಇಳಿಸಿದರೆ ಗುಂಪಿನ ಆಲ್ಫಾ ಕುಂಟುತ್ತದೆ. ಸರಾಸರಿ ಸಹಸಂಬಂಧ 0.30 ಇದ್ದಾಗ 4 ಪ್ರಶ್ನೆಗೆ 0.63 ಬಂದರೆ, 6ಕ್ಕೆ 0.72 ಬರುತ್ತದೆ. ಮೂರು ಗುಂಪಿನ ಅಂಕಗಳನ್ನು ಬೇರೆ ಬೇರೆಯಾಗಿಯೇ ವರದಿ ಮಾಡಿ. ಗೆಳೆಯನಿಗೆ ಹೊಡೆಯುವುದು ತಪ್ಪು ಎನ್ನುವವನೇ ಮೇಷ್ಟ್ರು ಹೊಡೆಯುವುದು ಸರಿ ಎನ್ನುತ್ತಾನೆ. ಎರಡನ್ನೂ ಕೂಡಿಸಿ ಒಂದು ‘ಹಿಂಸಾ ಅಂಕ’ ಮಾಡಿದರೆ ಆ ಅಂಕ ಯಾರ ಮನಸ್ಸಿನಲ್ಲೂ ಇರುವುದಿಲ್ಲ.

30 ಪ್ರಶ್ನೆ ಸಿದ್ಧವಾದ ಮೇಲೆ ಮುದ್ರಣಕ್ಕೆ ಓಡಬೇಡಿ. 8ರಿಂದ 10 ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಪ್ರತಿ ಪ್ರಶ್ನೆಗೂ ಮೂರು ಮಾತು ಕೇಳಿ: ಇದನ್ನು ನಿಮ್ಮ ಮಾತಲ್ಲಿ ಹೇಳಿ, ಉತ್ತರ ಹಾಕುವಾಗ ಯಾರು ನೆನಪಾದರು, ‘ಸ್ವಲ್ಪ ತಪ್ಪು’ ಅಂದಿರಲ್ಲ, ಯಾವಾಗ ಅದು ಪೂರ್ತಿ ತಪ್ಪಾಗುತ್ತೆ? ಹುಡುಗರು-ಹುಡುಗಿಯರು, ಊರಿನವರು-ಹಳ್ಳಿಯವರು, ಕನ್ನಡ ಮಾಧ್ಯಮ-ಇಂಗ್ಲಿಷ್ ಮಾಧ್ಯಮ ಎಲ್ಲರೂ ಇದರಲ್ಲಿ ಇರಲಿ. ಪದಗಳನ್ನು ಇವರಿಂದಲೇ ಎತ್ತಿಕೊಳ್ಳಿ. ‘ಹೊಡೆದ’ ಎನ್ನುವ ಕಡೆ ‘ಬಡಿದ’ ಎಂದರೆ ಏಟು ಜೋರಾಗಿ ಕೇಳಿಸುತ್ತದೆಯೇ ಎಂಬುದನ್ನು ಹರಿಹರದ ಹುಡುಗ ಹೇಳಬೇಕು, ಶಬ್ದಕೋಶ ಹೇಳಲಾರದು.

ಇಂಗ್ಲಿಷ್ ಮಾಪಕವನ್ನೇ ಬಳಸಬೇಕೆಂದು ಪರೀಕ್ಷಾ ಮಂಡಳಿ ಹಟ ಹಿಡಿದರೆ, ಆ್ಯಪ್ ಬಿಟ್ಟು ಕ್ರಮವಾದ ಅನುವಾದ ಮಾಡಿ. ಇಬ್ಬರು ಒಬ್ಬರ ಕೆಲಸ ಇನ್ನೊಬ್ಬರು ನೋಡದೆ ಕನ್ನಡಕ್ಕೆ ತರುತ್ತಾರೆ, ಕೂತು ಒಂದು ಮಾಡುತ್ತಾರೆ. ಮೂಲವನ್ನು ನೋಡದ ಮೂರನೆಯವರು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. ಮೂಲಕ್ಕೂ ಇದಕ್ಕೂ ಎಲ್ಲಿ ಬಿರುಕು ಬಿಟ್ಟಿದೆ ಎಂದು ನೋಡಿ ಸರಿಮಾಡುತ್ತೀರಿ. ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಈ ವಿಧಾನ ಈಗಲೂ ನಡೆಯುತ್ತದೆ. ಆದರೆ ಮರು ಅನುವಾದ ಹೊಂದಿತು ಎಂದ ಮಾತ್ರಕ್ಕೆ ಕನ್ನಡ ಸಹಜವಾಗಿದೆ ಎಂದಲ್ಲ. ಪದಕ್ಕೆ ಪದ ಇಟ್ಟ ಒರಟು ಅನುವಾದವೇ ಮರು ಅನುವಾದದಲ್ಲಿ ಚೆನ್ನಾಗಿ ಹೊಂದುತ್ತದೆ. ಮೂಲ ಲೇಖಕರ ಅನುಮತಿಗೂ ಒಂದು ಇಮೇಲ್ ಬರೆಯಿರಿ.

ಇನ್ನೊಂದು ಗೊಂದಲ ಎಂ.ಎಸ್.ಡಬ್ಲ್ಯು. ಪ್ರಬಂಧಗಳಲ್ಲಿ ಪದೇಪದೇ ಬರುತ್ತದೆ. ಬಸ್ ಮತ್ತು ಪೆರ್ರಿ 1992ರಲ್ಲಿ ಕೊಟ್ಟ 29 ವಾಕ್ಯಗಳ ಪ್ರಶ್ನಾವಳಿ (ದೈಹಿಕ ಆಕ್ರಮಣ 9, ಮಾತಿನ ಆಕ್ರಮಣ 5, ಕೋಪ 7, ಹಗೆತನ 8) ಮನೋಭಾವದ್ದಲ್ಲ. ‘ನಾನು ಎಂಥವನು’ ಎಂಬುದರದ್ದು. ‘ಹೊಡೆಯುವುದು ಸರಿಯೇ’ ಎಂಬುದು ಒಂದು ಪ್ರಶ್ನೆ, ‘ನಾನು ಹೊಡೆಯುತ್ತೇನೆಯೇ’ ಇನ್ನೊಂದು, ‘ನಮ್ಮೂರಲ್ಲಿ ಹೊಡೆಯುವುದನ್ನು ಜನ ಏನೆನ್ನುತ್ತಾರೆ’ ಮತ್ತೊಂದು. ಮೂರನ್ನೂ ಕೇಳಬಹುದು, ಆದರೆ ಬೇರೆ ಬೇರೆ ಪುಟದಲ್ಲಿ, ಬೇರೆ ಬೇರೆ ಅಂಕದಲ್ಲಿ.

ಹೇಳುವುದಕ್ಕೂ ಮಾಡುವುದಕ್ಕೂ ಇರುವ ದೂರವನ್ನು 1934ರಲ್ಲೇ ಸಮಾಜಶಾಸ್ತ್ರಜ್ಞ ಲಾಪಿಯರ್ ತೋರಿಸಿಕೊಟ್ಟಿದ್ದರು. ಚೀನೀ ದಂಪತಿಯ ಜೊತೆ ಅವರು ಅಮೆರಿಕದ 251 ಹೋಟೆಲು, ವಸತಿಗಳಿಗೆ ಹೋದಾಗ ಒಂದೇ ಒಂದು ಕಡೆ ಬಾಗಿಲು ಮುಚ್ಚಿತು. ಆರು ತಿಂಗಳ ಬಳಿಕ ಪತ್ರ ಬರೆದು ಕೇಳಿದರೆ, ಉತ್ತರಿಸಿದ 128ರಲ್ಲಿ 90%ಕ್ಕೂ ಹೆಚ್ಚು ಕಡೆಯವರು ಚೀನೀಯರನ್ನು ಸೇರಿಸುವುದಿಲ್ಲ ಎಂದರು. ಅಲ್ಲಿ ಬಾಯಿ ಕೆಟ್ಟದು, ನಡತೆ ವಾಸಿ. ನಿಮ್ಮಲ್ಲಿ ಉಲ್ಟಾ ಆಗಬಹುದು: ಕಾಗದದ ಮೇಲೆ ‘ಪೂರ್ತಿ ತಪ್ಪು’, ಮನೆಯಲ್ಲಿ ಕೈ ಎತ್ತುವುದು. ಮನೋಭಾವ ನಡತೆಯನ್ನು ಸ್ವಲ್ಪವಾದರೂ ಹೇಳಬೇಕಾದರೆ ಎರಡೂ ಒಂದೇ ವ್ಯಕ್ತಿ, ಒಂದೇ ಕ್ರಿಯೆ, ಒಂದೇ ಸಂದರ್ಭ, ಒಂದೇ ಕಾಲದ ಬಗ್ಗೆ ಇರಬೇಕು. ಸನ್ನಿವೇಶ ರೂಪವನ್ನು ನಾನು ಒತ್ತಿ ಹೇಳುವುದಕ್ಕೆ ಇದೂ ಕಾರಣ.

ನಿಮ್ಮ ಪ್ರಬಂಧದ ಹಿನ್ನೆಲೆಗೆ ಕರ್ನಾಟಕದ್ದೇ ಒಂದು ಅಂಕಿ ಇದೆ, ಆದರೆ ಅದನ್ನು ಸರಿಯಾಗಿ ಓದಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಏಳು ಕಾರಣ ಹೇಳಿ, ಇಂಥ ಕಾರಣಕ್ಕೆ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಕೇಳಿದ್ದರು: ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ನೋಡದಿದ್ದರೆ, ಎದುರು ವಾದಿಸಿದರೆ, ಲೈಂಗಿಕ ಸಂಬಂಧಕ್ಕೆ ಒಪ್ಪದಿದ್ದರೆ, ಅಡುಗೆ ಸರಿ ಮಾಡದಿದ್ದರೆ, ನಡತೆಯ ಮೇಲೆ ಶಂಕೆ ಬಂದರೆ, ಅತ್ತೆ ಮಾವನಿಗೆ ಅಗೌರವ ತೋರಿಸಿದರೆ. ಕರ್ನಾಟಕದಲ್ಲಿ 76.9% ಮಹಿಳೆಯರು, 81.9% ಪುರುಷರು ಕನಿಷ್ಠ ಒಂದು ಕಾರಣಕ್ಕೆ ‘ಸರಿ’ ಎಂದರು. ‘ಕನಿಷ್ಠ ಒಂದು’ ಎಂಬಲ್ಲಿ ಬೆರಳಿಡಿ. ಒಂದಕ್ಕೆ ಮಾತ್ರ ಒಪ್ಪಿದವರೂ ಏಳಕ್ಕೂ ಒಪ್ಪಿದವರೂ ಅಲ್ಲಿ ಒಂದೇ ಲೆಕ್ಕ. ಕಾರಣಗಳ ಪಟ್ಟಿ ಉದ್ದವಾದಷ್ಟೂ ಆ ಶೇಕಡಾ ಏರುತ್ತದೆ. ಅಂಕಿ ಸುಳ್ಳಲ್ಲ, ನೋವಿನ ಅಂಕಿಯೇ ಅದು. ಆದರೆ ನಿಮ್ಮ ವರದಿಯಲ್ಲಿ ಕಾರಣವಾರು ಪಟ್ಟಿಯನ್ನೂ ಕೊಡಿ.

ಅದೇ ಸುತ್ತಿನಲ್ಲಿ ದೇಶದ ಮಟ್ಟದಲ್ಲಿ ಮಹಿಳೆಯರು 45%, ಪುರುಷರು 44%. ಹಾಗಾಗಿ ನಿಮ್ಮಲ್ಲಿ ಹುಡುಗರ ಅಂಕವೂ ಹುಡುಗಿಯರ ಅಂಕವೂ ಹತ್ತಿರ ಬಂದರೆ ಗಾಬರಿಯಾಗಬೇಡಿ. ಗಂಡ-ಹೆಂಡತಿ ಗುಂಪಿನಲ್ಲಿ ಅದು ನಿಜವೇ ಇರಬಹುದು. ಗೆಳೆಯರ ಹೊಡೆದಾಟದ ಗುಂಪಿನಲ್ಲೂ ಚೂರೂ ವ್ಯತ್ಯಾಸ ಬರದಿದ್ದರೆ ಮಾತ್ರ ಪ್ರಶ್ನೆಗಳನ್ನು ಮತ್ತೆ ನೋಡಿ.

ಮಾದರಿಯ ಆಯ್ಕೆಗೆ ಬರೋಣ. 7–8 ಕಾಲೇಜುಗಳಲ್ಲಿ ಒಂದೊಂದು ತರಗತಿ ಹಿಡಿದು 300 ಮಾಡುವುದು ಸುಲಭ, ಆದರೆ ಒಂದೇ ತರಗತಿಯ ಮಕ್ಕಳು ಒಬ್ಬರನ್ನೊಬ್ಬರು ಹೋಲುತ್ತಾರೆ. ಆ ಹೋಲಿಕೆ 0.05ರಷ್ಟೇ ಎಂದು ಹಿಡಿದರೂ, ತರಗತಿಗೆ 40ರಂತೆ ತೆಗೆದಾಗ ಅಂದಾಜಿನ ಏರಿಳಿತ (ವೇರಿಯನ್ಸ್) ಹಿಗ್ಗುವ ಪ್ರಮಾಣ 1 + 39 × 0.05 = 2.95. ಅಂದರೆ ನಿಮ್ಮ 300 ನಿಜದಲ್ಲಿ ಸುಮಾರು 100 ಮಂದಿಯ ಬೆಲೆಯದು. 20 ಕಾಲೇಜುಗಳಲ್ಲಿ 15ರಂತೆ ತೆಗೆದರೆ ಅದು 1.7ಕ್ಕೆ ಇಳಿದು, ಅದೇ 300 ಸುಮಾರು 176ರ ಬೆಲೆ ಪಡೆಯುತ್ತದೆ. ಬಸ್ ಚಾರ್ಜು ಹೆಚ್ಚುತ್ತದೆ, ನಿಜ. ಆದರೆ ದಾವಣಗೆರೆ ಊರಿನ ಖಾಸಗಿ ಕಾಲೇಜುಗಳಲ್ಲೇ ಮುಗಿಸಿ ‘ಎರಡು ಜಿಲ್ಲೆಗಳ ವಿದ್ಯಾರ್ಥಿಗಳು’ ಎಂದು ಬರೆಯುವಂತಿಲ್ಲ. ಜಗಳೂರು, ಚನ್ನಗಿರಿ, ಹೊಸದುರ್ಗ, ಮೊಳಕಾಲ್ಮೂರಿನ ಸರ್ಕಾರಿ ಕಾಲೇಜುಗಳೂ, ಕಲಾ, ವಾಣಿಜ್ಯ, ವಿಜ್ಞಾನ ಮೂರೂ ಬರಬೇಕು.

ಹಾಳೆ ಕೊಡುವ ದಿನ ಉಪನ್ಯಾಸಕರು ಹೊರಗಿರಲಿ. ಬೆಂಚಿಗೆ ಇಬ್ಬರಂತೆ ಕೂರಿಸಿ. ಮೊದಲ ಪ್ರಶ್ನೆಯನ್ನು ನೀವೇ ಓದಿ, ಹಂತಗಳನ್ನು ಹಲಗೆಯ ಮೇಲೆ ಬರೆದು ತೋರಿಸಿ. ಬರವಣಿಗೆಯ ಉತ್ತರ ಕೇಳಬೇಡಿ, ಕೈಬರಹದಿಂದ ಉಪನ್ಯಾಸಕರು ಮಕ್ಕಳನ್ನು ಗುರುತಿಸುತ್ತಾರೆ. ತುಂಬಿದ ಹಾಳೆಯನ್ನು ಮಡಿಚಿ ಮಕ್ಕಳೇ ಮುಚ್ಚಿದ ಡಬ್ಬಿಗೆ ಹಾಕಲಿ. ಸಾಲುಸಾಲಾಗಿ ಸಂಗ್ರಹಿಸಿದರೆ ಹಾಳೆಗಳ ಕ್ರಮವೇ ಹಾಜರಿ ಪುಸ್ತಕವಾಗಿಬಿಡುತ್ತದೆ, ಆದ್ದರಿಂದ ಅಲ್ಲೇ ಎಲ್ಲರೆದುರು ಕಲೆಸಿ. ಗೂಗಲ್ ಫಾರ್ಮ್ ಬೇಡ. ಹಲವು ಮನೆಗಳಲ್ಲಿ ಫೋನು ಒಂದೇ, ಅಣ್ಣನೋ ಅಪ್ಪನೋ ಭುಜದ ಮೇಲಿಂದ ಇಣುಕುತ್ತಿದ್ದರೆ ಬರುವ ಉತ್ತರ ಯಾರದ್ದು?

ಎರಡು ವಾರದ ಬಳಿಕ ಉತ್ತರಿಸಿದವರಲ್ಲೇ 40–50 ಮಂದಿಗೆ ಮತ್ತೆ ಕೊಟ್ಟು ಅಂಕ ಎಷ್ಟು ನಿಲ್ಲುತ್ತದೆ ನೋಡಿದರೆ ಒಳ್ಳೆಯದು. ಜೋಡಿಸಲು ಹೆಸರು ಬೇಕಿಲ್ಲ, ಪ್ರತಿಯೊಬ್ಬರೂ ತಮಗೆ ಮಾತ್ರ ನೆನಪಿರುವ ಒಂದು ಪದ, ಎರಡು ಅಂಕಿಯ ಗುರುತು ಮಾಡಿಕೊಳ್ಳಲಿ.

ಮಕ್ಕಳು ಒಳ್ಳೆಯವರೆನಿಸಿಕೊಳ್ಳಲು ಉತ್ತರ ಬದಲಿಸುತ್ತಾರೆಂಬ ಅನುಮಾನಕ್ಕೆ ಕ್ರೌನ್ ಮತ್ತು ಮಾರ್ಲೋ ಅವರ 1960ರ 33 ವಾಕ್ಯಗಳ ಮಾಪಕವನ್ನು ಜೊತೆಗಿಡುವ ರೂಢಿ ಇದೆ. ಅದನ್ನಿಟ್ಟು ‘ಸುಳ್ಳು ಹೇಳುವವರು’ ಎಂದು ಮಕ್ಕಳನ್ನು ತೆಗೆದುಹಾಕುವುದು ತಪ್ಪು. ಹಿರಿಯರ ಮೇಲೆ ಸಿಟ್ಟು ಬಂದದ್ದೇ ಇಲ್ಲ ಎನ್ನುವ ಹುಡುಗಿ ಸುಳ್ಳಿಯಲ್ಲ, ಹಾಗೆ ಹೇಳಬಾರದೆಂದು ಕಲಿತವಳು. ‘ನೀವು ಕಳೆದ ತಿಂಗಳು ಯಾರಿಗಾದರೂ ಹೊಡೆದಿದ್ದೀರಾ’ ಎಂಬ ನಡತೆಯ ಪ್ರಶ್ನೆಗೆ ನಾಣ್ಯದ ವಿಧಾನ ಉತ್ತಮ. ಮೂಲ ಕಲ್ಪನೆ ವಾರ್ನರ್ ಅವರದು, 1965ರದ್ದು. ಇಲ್ಲಿ ಹೇಳುವುದು ಅದರ ಸರಳ ರೂಪ. ಪ್ರತಿಯೊಬ್ಬರೂ ಗುಟ್ಟಾಗಿ ನಾಣ್ಯ ಚಿಮ್ಮುತ್ತಾರೆ. ಸಿಂಹ ಬಿದ್ದರೆ ಸುಮ್ಮನೆ ‘ಹೌದು’ ಹಾಕಬೇಕು, ಸಂಖ್ಯೆ ಬಿದ್ದರೆ ನಿಜ ಹಾಕಬೇಕು. 300ರಲ್ಲಿ 190 ‘ಹೌದು’ ಬಂತೆನ್ನಿ. 150 ನಾಣ್ಯದ್ದು, ಉಳಿದ 150ರಲ್ಲಿ 40, ಅಂದರೆ ಸುಮಾರು 27%. ಯಾರು ಹೊಡೆದರೆಂದು ನಿಮಗೂ ತಿಳಿಯದು. ಇದಕ್ಕೆ ತೆರುವ ಬೆಲೆ ಎಂದರೆ ಅಂದಾಜು ಸಡಿಲವಾಗುತ್ತದೆ, ಈ ಉದಾಹರಣೆಯಲ್ಲಿ ಆಚೀಚೆ 11 ಶೇಕಡಾ ಅಂಶದಷ್ಟು.

ಈಗ ಪ್ರಾಂಶುಪಾಲರಿಗೆ ತೋರಿಸುವ ಲೆಕ್ಕ. ಅವರಿಗಾಗಿ ಮೂರು ಗುಂಪನ್ನೂ ಕೂಡಿಸಿದೆವೆನ್ನಿ: 18 ಪ್ರಶ್ನೆ, 1ರಿಂದ 4 ಅಂಕ, ಒಟ್ಟು 18ರಿಂದ 72. ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 8, ಆಲ್ಫಾ 0.80 ಎಂದಿಟ್ಟುಕೊಳ್ಳಿ. ಒಬ್ಬ ವಿದ್ಯಾರ್ಥಿಯ ಅಂಕದಲ್ಲಿರುವ ದೋಷ 8 × √0.20, ಅಂದರೆ ಸುಮಾರು 3.6. ಅದರ ಎರಡರಷ್ಟು ಆಚೀಚೆ ಹಿಡಿದರೆ, 45 ಪಡೆದ ಹುಡುಗನ ನಿಜ ಅಂಕ 38ರಿಂದ 52ರ ನಡುವೆ ಎಲ್ಲಿಯಾದರೂ ಇರಬಹುದು. ಗುಂಪಿನ ಸರಾಸರಿಗೆ ಈ ದೋಷ ಹರಡಿ ತೆಳುವಾಗುತ್ತದೆ, ಒಬ್ಬನ ಹಣೆಪಟ್ಟಿಗೆ ಆಗುವುದಿಲ್ಲ.

ಇನ್ನೂ ಒಂದು. 1,000 ಮಕ್ಕಳಲ್ಲಿ 20 ಮಂದಿ ನಿಜಕ್ಕೂ ಯಾರನ್ನಾದರೂ ಗಾಯಗೊಳಿಸುವಂಥವರು ಎಂದು ಕಲ್ಪಿಸಿ. ಪ್ರಶ್ನಾವಳಿ ಅವರಲ್ಲಿ 80% ಮಂದಿಯನ್ನು ಹಿಡಿಯುತ್ತದೆ, ಉಳಿದವರಲ್ಲಿ 20% ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ ಎಂದೂ ಇಟ್ಟುಕೊಳ್ಳಿ. ಇದು ಧಾರಾಳದ ಕಲ್ಪನೆ. ಪಟ್ಟಿಯಲ್ಲಿ 16 ಮಂದಿ ಸರಿಯಾಗಿ, 196 ಮಂದಿ ತಪ್ಪಾಗಿ ಸೇರುತ್ತಾರೆ. ಒಟ್ಟು 212 ಹೆಸರುಗಳಲ್ಲಿ ನಿಜವಾದವು 7.5%. ಉಳಿದ 196 ಹುಡುಗರಿಗೆ ಸ್ಟಾಫ್ ರೂಮಿನಲ್ಲಿ ‘ಪುಂಡರು’ ಎಂಬ ಹೆಸರು ಅಂಟುತ್ತದೆ. ಪ್ರಾಂಶುಪಾಲರಿಗೆ ಹೆಸರಿನ ಬದಲು ತರಗತಿ ಮಟ್ಟದ ವರದಿ ಕೊಡಿ: ಯಾವ ಸನ್ನಿವೇಶದಲ್ಲಿ ಎಷ್ಟು ಶೇಕಡಾ ಮಕ್ಕಳು ಹೊಡೆತವನ್ನು ಸರಿ ಎಂದರು. 10ಕ್ಕಿಂತ ಕಡಿಮೆ ಮಂದಿಯ ಗುಂಪನ್ನು ಬೇರೆ ಮಾಡಿ ತೋರಿಸಬೇಡಿ, ಯಾರೆಂದು ಗೊತ್ತಾಗುತ್ತದೆ.

ಸರಾಸರಿಯಿಂದ ಒಂದು ಮಾನಕ ವಿಚಲನೆ ಮೇಲಿದ್ದವರು ‘ಹೆಚ್ಚು’, ಕೆಳಗಿದ್ದವರು ‘ಕಡಿಮೆ’ ಎಂದು ವಿಭಜಿಸುವುದನ್ನೂ ಬಿಡಿ. ಅಂಕಗಳು ಗಂಟೆಯಾಕಾರದಲ್ಲಿ ಹರಡಿದ್ದರೆ ಹೀಗೆ ವಿಭಜಿಸಿದಾಗ ಯಾವ ಕಾಲೇಜಿನಲ್ಲೂ ಸುಮಾರು 16% ಮಂದಿ ‘ಹೆಚ್ಚು’ ಆಗಿಯೇ ಆಗುತ್ತಾರೆ, ಎಲ್ಲರೂ ಹೊಡೆತವನ್ನು ತಪ್ಪೆಂದಿದ್ದರೂ ಸಹ.

ಅನುಮತಿಗಳು. ಪಿಯು ಮಕ್ಕಳಲ್ಲಿ ಹೆಚ್ಚಿನವರು 18ರೊಳಗಿನವರು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ತಂದೆತಾಯಿಯ ಒಪ್ಪಿಗೆ, ಜೊತೆಗೆ ಮಕ್ಕಳ ಲಿಖಿತ ಸಮ್ಮತಿ ಎರಡೂ ಬೇಕು. ಪ್ರಾಂಶುಪಾಲರ ಸಹಿ ಇವಕ್ಕೆ ಬದಲಿಯಲ್ಲ. ಈ ಸಹಿ ಹಾಳೆಗಳನ್ನು ಪ್ರಶ್ನಾವಳಿಯಿಂದ ಬೇರೆಯಾಗಿ ಇಡಿ. ನೈತಿಕ ಸಮಿತಿಗೆ ಅರ್ಜಿಯನ್ನು ಪೈಲಟ್‌ಗೂ (40 ಮಂದಿಯ ಪ್ರಾಯೋಗಿಕ ಸುತ್ತಿಗೂ) ಮೊದಲೇ ಹಾಕಬೇಕಿತ್ತು, ಈಗಲಾದರೂ ಹಾಕಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬುದು ನಿಮಗೆ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ನೀವು ವರದಿ ಮಾಡಲೇಬೇಕು. ಇದನ್ನು ಸಮ್ಮತಿ ಪತ್ರದಲ್ಲೇ ತಿಳಿಸಿ. ಒಬ್ಬೊಬ್ಬರನ್ನು ಕೂರಿಸಿ ಮಾತಾಡುವಾಗ ಮನೆಯ ಮಾತು ಹೊರಗೆ ಬಂದೇ ಬರುತ್ತದೆ, ಆಗ ಯಾವ ಆಪ್ತಸಮಾಲೋಚಕರ ಬಳಿ ಕಳಿಸುತ್ತೀರಿ ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ. ಪ್ರಶ್ನಾವಳಿಯ ಕೊನೆಯ ಪುಟವನ್ನು ಎಲ್ಲರೂ ಹರಿದು ಒಯ್ಯುವಂತೆ ಮಾಡಿ, ಅದರಲ್ಲಿ ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ತುರ್ತಿಗೆ 112 ಇರಲಿ. ಎಲ್ಲರ ಕೈಯಲ್ಲೂ ಆ ಚೀಟಿ ಇದ್ದರೆ, ಬೇಕಾದವಳು ಅದನ್ನು ಅನುಮಾನವಿಲ್ಲದೆ ಮನೆಗೆ ಒಯ್ಯುತ್ತಾಳೆ.

ಸಮಯದ ಅಂದಾಜು: ಸನ್ನಿವೇಶ ಬರೆಯಲು ಒಂದು ವಾರ, ಒಬ್ಬೊಬ್ಬರೊಡನೆ ಮಾತಿಗೆ ಒಂದು ವಾರ, ಹೊಸ ಪೈಲಟ್ 60–80 ಮಂದಿಗೆ. ಆಗ ಪ್ರತಿ ಪ್ರಶ್ನೆ ತನ್ನ ಗುಂಪಿನ ಉಳಿದವುಗಳ ಮೊತ್ತದೊಂದಿಗೆ ಎಷ್ಟು ಹೊಂದುತ್ತದೆ ನೋಡಿ, 0.20ಕ್ಕಿಂತ ಕೆಳಗಿರುವುದನ್ನು ಎತ್ತಿ ಬದಿಗಿಡಿ. ತೆಗೆಯುವ ಮುನ್ನ ಆ ವಾಕ್ಯವನ್ನು ಗಟ್ಟಿಯಾಗಿ ಓದಿ. ಬಹುಪಾಲು ಸಲ ದೋಷ ಕಿವಿಗೇ ಕೇಳಿಸುತ್ತದೆ, ಒಂದು ಪದ ಬದಲಿಸಿದರೆ ಪ್ರಶ್ನೆ ಉಳಿಯುತ್ತದೆ.